ಇನ್ನೂ ಬಾರದ ಟ್ರಾನ್ಸ್‌ಫಾರ್ಮರ್

ನಾಗೇಂದ್ರ ತೀರಿಕೊಂಡ ದಿನ ಅವನ ಅಂಗಡಿಯಲ್ಲಿ ಬೇರೆಯವರಿಗೆ ಸೇರಿದ ಮೂವತ್ತೊಂದು ಆಂಪ್ಲಿಫೈಯರ್‌ಗಳಿದ್ದವು.

ಸಾಗರದ ಮಾರ್ಕೆಟ್ ರಸ್ತೆಯಿಂದ ಒಳಕ್ಕೆ ಹೋಗುವ ಓಣಿಯಲ್ಲಿ, ಝೆರಾಕ್ಸ್ ಅಂಗಡಿಯ ಪಕ್ಕದಲ್ಲಿ ಅವನದು ಹತ್ತಡಿ ಅಗಲದ ಮಳಿಗೆ. ಮದುವೆ ಮನೆಗಳ ಮೈಕ್‌ಸೆಟ್ ರಿಪೇರಿಯಿಂದ ಶುರು ಮಾಡಿದವನು, ಯಾರೋ ಒಬ್ಬರು ತಮ್ಮ ಅಜ್ಜನ ಕಾಲದ ಸ್ಟೀರಿಯೋ ತಂದುಕೊಟ್ಟ ಮೇಲೆ ಆ ದಾರಿಗೆ ಹೊರಳಿಕೊಂಡ. ಹಳೆಯ ಸೆಟ್ಟಿಗೆ ಹೊಸ ಸಾಮಾನು ತುಂಬಿ ಹೇಗೋ ಸದ್ದು ಬರಿಸುವವರು ಬೇಕಾದಷ್ಟು ಮಂದಿ ಇದ್ದರು. ಆ ಸೆಟ್ಟು ಹೊಸದಾಗಿದ್ದಾಗ ಹೇಗೆ ಕೇಳಿಸುತ್ತಿತ್ತೋ ಹಾಗೇ ಕೇಳಿಸುವಂತೆ ಮಾಡಿಕೊಡುವವರು ಕಡಿಮೆ. ನಾಗೇಂದ್ರನ ಹೆಸರು ಬಾಯಿಂದ ಬಾಯಿಗೆ ಹರಡಿ ಶಿವಮೊಗ್ಗದಿಂದ, ಬೆಂಗಳೂರಿನಿಂದ ಕೂಡ ಬಸ್ಸಿನ ಮೇಲೆ ಸೆಟ್ಟುಗಳು ಬರುತ್ತಿದ್ದವು. ಅವನ ಮೇಲಿದ್ದ ದೂರು ಒಂದೇ: ನಿಧಾನ. ಒಂದು ಕೆಪಾಸಿಟರ್ ಮನಸ್ಸಿಗೆ ಬರಲಿಲ್ಲವೆಂದರೆ ಎರಡು ತಿಂಗಳು ಸೆಟ್ಟನ್ನು ಬಿಚ್ಚಿಟ್ಟುಕೊಂಡೇ ಕೂರುತ್ತಿದ್ದ.

ನವೆಂಬರ್ ಮೊದಲ ವಾರ, ಬೆಳಿಗ್ಗೆ ಸ್ನಾನ ಮಾಡಿ ಬಂದವನು ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತ. ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು. ಐವತ್ತಾರು ವರ್ಷ.

ಅವನ ಹೆಂಡತಿ ಕುಮುದಾ ಅಂಗನವಾಡಿ ಟೀಚರ್. ಮಗಳು ಬಿಂದು ಶಿವಮೊಗ್ಗದಲ್ಲಿ ನರ್ಸಿಂಗ್ ಓದುತ್ತಿದ್ದಳು. ಹದಿಮೂರು ದಿನದ ಕಾರ್ಯವೆಲ್ಲ ಮುಗಿದು ಮಗಳು ಹಾಸ್ಟೆಲಿಗೆ ಹೋದ ಮೇಲೆ ಕುಮುದಾ ಒಂದು ಭಾನುವಾರ ಅಂಗಡಿಯ ಬೀಗ ತೆಗೆದಳು. ಜನವರಿ ಕೊನೆಗೆ ಬಿಟ್ಟುಕೊಟ್ಟರೆ ಸಾಕು ಎಂದು ಮಳಿಗೆಯ ಮಾಲೀಕರು ಹೇಳಿದ್ದರು. ಅಷ್ಟರೊಳಗೆ ಪ್ರತಿ ಸೆಟ್ಟೂ ಅದರ ಮನೆ ಸೇರಬೇಕಿತ್ತು.

ಅದು ಕಷ್ಟವೇನೂ ಇರಲಿಲ್ಲ. ಗಾಯಕ್ಕೆ ಹಚ್ಚುವ ಬಿಳಿ ಟೇಪಿನ ತುಂಡನ್ನು ನಾಗೇಂದ್ರ ಎಲ್ಲದರ ನೆತ್ತಿಗೂ ಅಂಟಿಸಿ, ಬಾಲ್‌ಪೆನ್ನಿನಲ್ಲಿ ಮಾಲೀಕರ ಹೆಸರು, ಊರು, ಫೋನ್ ನಂಬರು, ತಂದ ದಿನ, ಏನು ತೊಂದರೆ ಎಂದು ಬರೆದಿಟ್ಟಿದ್ದ. ಅಂಗನವಾಡಿ ಮುಗಿಸಿ ಬಂದು ಕುಮುದಾ ದಿನಕ್ಕೆ ನಾಲ್ಕೈದು ಫೋನ್ ಮಾಡುತ್ತಿದ್ದಳು. ಜನ ಬಂದರು. ಜೋಗದ ಪವರ್‌ಹೌಸಿನಲ್ಲಿ ಕೆಲಸ ಮಾಡಿ ನಿವೃತ್ತರಾದ ಜಟ್ಟಿಂಗಪ್ಪನವರು ತಮ್ಮ ಸೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಅಂಗಡಿ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತರು. ಅದಿನ್ನೂ ರಿಪೇರಿಯಾಗಿರಲಿಲ್ಲ.

"ಬೇರೆ ಯಾರ ಹತ್ರಾದ್ರೂ ಮಾಡಿಸ್ಕೊಳ್ಳಿ ಅಣ್ಣ," ಎಂದಳು ಕುಮುದಾ.

"ಬೇಡ ತಂಗಿ. ಹೀಗೇ ಇರ್ಲಿ," ಎಂದರು ಅವರು. "ನಿಧಾನ ಮಾಡ್ತಿದ್ದ. ಆದ್ರೆ ಒಂದು ದಿನಾನೂ ಸುಳ್ಳು ಹೇಳ್ದೋನಲ್ಲ. ಆಗಿಲ್ಲ ಅಂದ್ರೆ ಆಗಿಲ್ಲ, ಅಷ್ಟೆ."

ಈ ಮಾತನ್ನು ಆ ತಿಂಗಳು ಕುಮುದಾ ಎಷ್ಟೋ ಜನರ ಬಾಯಿಂದ ಕೇಳಿದಳು. ಮನೆಯಲ್ಲಿ ನಿಧಾನಕ್ಕಾಗಿ ಗಂಡನನ್ನು ಬೈದವಳು ಅವಳೇ. ಆದರೂ ಬೇರೆಯವರ ಬಾಯಲ್ಲಿ ಆ ಮಾತು ಕೇಳಿದಾಗ ಎದೆಯ ಭಾರ ಸ್ವಲ್ಪ ಇಳಿದ ಹಾಗಾಗುತ್ತಿತ್ತು.

ಡಿಸೆಂಬರ್ ಕೊನೆಯ ಹೊತ್ತಿಗೆ ಒಂದೇ ಒಂದು ಉಳಿಯಿತು. ಅಂಗಡಿಯ ಹಿಂದಿನ ಗೋಡೆಗೆ ತಾಗಿದ ಬೆಂಚಿನ ಮೇಲಿದ್ದ, ಒಬ್ಬರಿಂದ ಎತ್ತಲಾಗದಷ್ಟು ಭಾರದ ವಾಲ್ವ್ ಆಂಪ್ಲಿಫೈಯರ್. ಮೇಲ್ಗಡೆ ಗಾಜಿನ ವಾಲ್ವುಗಳು ಸಾಲಾಗಿ ನಿಂತಿದ್ದವು, ಅವುಗಳ ಹಿಂದೆ ಮೂರು ಕಪ್ಪು ಟ್ರಾನ್ಸ್‌ಫಾರ್ಮರ್. ಟೇಪಿನ ಬಣ್ಣ ಹಳದಿಗೆ ತಿರುಗಿತ್ತು. "ಸುಬ್ಬಕೃಷ್ಣ ಮೇಷ್ಟ್ರು, ಮೇಳಿಗೆ. ಎಡಗಡೆ ಸದ್ದಿಲ್ಲ. ಟ್ರಾನ್ಸ್‌ಫಾರ್ಮರ್ ಬರಬೇಕು." ತಾರೀಖು ಆರು ವರ್ಷ ಹಿಂದಿನದು.

ಈ ಹೆಸರು ಕುಮುದಾಳಿಗೆ ಗೊತ್ತಿತ್ತು. ಊಟದ ಹೊತ್ತಿನಲ್ಲಿ ಫೋನ್ ಬಂದಾಗ ನಾಗೇಂದ್ರ, "ಇಲ್ಲಮ್ಮ, ಟ್ರಾನ್ಸ್‌ಫಾರ್ಮರ್ ಇನ್ನೂ ಬಂದಿಲ್ಲ... ಹೌದಮ್ಮ, ತಪ್ಪಾಯ್ತು," ಎಂದು ಹೇಳುವುದನ್ನು ಅವಳು ಎಷ್ಟೋ ಸಲ ಕೇಳಿದ್ದಳು. ಆ ಕಡೆಯಿಂದ ಒಬ್ಬ ಹೆಂಗಸು ಬೈಯುವುದು ಫೋನಿನ ಹೊರಗೂ ಕೇಳುತ್ತಿತ್ತು. ಆರು ವರ್ಷ ಕಾಯಿಸಿದ್ದನ್ನು ಹಾಗೇ ಹಿಂದಕ್ಕೆ ಕೊಡುವುದು ಅವಳಿಗೆ ಸರಿಕಾಣಲಿಲ್ಲ. ನಾಗೇಂದ್ರನ ಸ್ನೇಹಿತ, ಮೈಕ್‌ಸೆಟ್ ಬಾಡಿಗೆ ಕೊಡುವ ಬಾಲುವನ್ನು ಕರೆಸಿದಳು.

"ನೀನೇ ಏನಾದ್ರೂ ಮಾಡಿ ಸರಿ ಮಾಡಕ್ಕಾಗುತ್ತಾ ನೋಡು ಬಾಲು."

ಬಾಲು ಸೆಟ್ಟನ್ನು ಸುತ್ತ ನೋಡಿದ. ಹಳೆಯ ಸೆಟ್ಟನ್ನು ನೇರವಾಗಿ ಕರೆಂಟಿಗೆ ಸಿಕ್ಕಿಸಬಾರದು. ನಡುವೆ ಒಂದು ಸಾದಾ ಬಲ್ಬ್ ಇಟ್ಟುಕೊಳ್ಳಬೇಕು. ಒಳಗೆ ಎಲ್ಲಾದರೂ ಶಾರ್ಟ್ ಆಗಿದ್ದರೆ ಬಲ್ಬ್ ಧಗ್ಗನೆ ಉರಿದು ಹೇಳಿಬಿಡುತ್ತದೆ. ಅವನು ಹಾಗೆಯೇ ಸಿಕ್ಕಿಸಿ ಸ್ವಿಚ್ ಹಾಕಿದ. ಬಲ್ಬ್ ಒಮ್ಮೆ ಬೆಳಗಿ ಮಂಕಾಯಿತು. ವಾಲ್ವುಗಳೊಳಗೆ ಕೆಂಡದ ಬಣ್ಣ ಮೂಡಿತು.

"ಅರೆ," ಎಂದ ಬಾಲು. ಬಲ್ಬ್ ತೆಗೆದು ನೇರ ಕರೆಂಟ್ ಕೊಟ್ಟ. ಪಕ್ಕದ ಬಟ್ಟೆ ಸರಿಸಿದರೆ ಅದರ ಅಡಿಯಲ್ಲಿ ರೆಕಾರ್ಡ್ ಪ್ಲೇಯರ್ ಇತ್ತು, ಅದರ ಮೇಲೆ ಒಂದು ರೆಕಾರ್ಡೂ ಇತ್ತು. ಮುಳ್ಳನ್ನು ಇಟ್ಟ.

ವೀಣೆಯ ನಾದ ಅಂಗಡಿಯನ್ನೆಲ್ಲ ತುಂಬಿಕೊಂಡಿತು. ಎಡಗಡೆಯಿಂದಲೂ, ಬಲಗಡೆಯಿಂದಲೂ.

ಬಾಲು ಸೆಟ್ಟು ಆರಿಸಿ, ಮಗುಚಿ, ತಳದ ತಗಡು ಬಿಚ್ಚಿದ. ಎಡಗಡೆಯ ಟ್ರಾನ್ಸ್‌ಫಾರ್ಮರ್ ಅಂಗಡಿಯಿಂದ ತಂದದ್ದಲ್ಲ, ಕೈಯಲ್ಲಿ ಸುತ್ತಿದ್ದು. ಕೂದಲಿನಷ್ಟು ತೆಳು ತಾಮ್ರದ ತಂತಿ, ಒಂದೊಂದು ಪದರದ ನಡುವೆ ಎಣ್ಣೆ ಕಾಗದ. ಅಂಚಿನಲ್ಲಿ ಕಾಗದದ ಮೇಲೆ ನಾಗೇಂದ್ರನ ಅಕ್ಷರದಲ್ಲಿ ತಾರೀಖಿತ್ತು. ಐದು ವರ್ಷದ ಹಿಂದಿನದು.

"ಅತ್ತಿಗೆ, ಇದು ರಿಪೇರಿ ಆಗಿ ಐದು ವರ್ಷ ಆಗಿದೆ," ಎಂದ ಬಾಲು. ಅವನ ಮುಖ ಅವಳ ಕಡೆ ತಿರುಗಿರಲಿಲ್ಲ. "ದಿನಾ ಹಾಕ್ತಿದ್ರೋ ಏನೋ. ಮೇಲೆ ಹಳೇ ಧೂಳೇ ಇಲ್ಲ ನೋಡಿ."

ಸ್ಪೀಕರುಗಳ ಎದುರಿಗೆ ಎರಡು ಪ್ಲಾಸ್ಟಿಕ್ ಕುರ್ಚಿಗಳಿದ್ದವು. ಇನ್ನೊಂದು ನಿನಗೇನಾ ಎಂದು ಕುಮುದಾ ಕೇಳಿದಳು. ತಾನು ಯಾವಾಗ ಬಂದರೂ ಬೆಂಚಿನ ಹತ್ತಿರದ ಸ್ಟೂಲಿನ ಮೇಲೇ ಕೂರುತ್ತಿದ್ದೆ ಎಂದ ಬಾಲು.

ಅವಳಿಗೆ ಒಂದೇ ಅರ್ಥ ಹೊಳೆಯಿತು. ಈ ಸೆಟ್ಟಿನ ನಾದಕ್ಕೆ ಮರುಳಾಗಿ, ಕೊಡಲಾರದೆ, ಯಾರೋ ವಯಸ್ಸಾದ ಮೇಷ್ಟ್ರಿಗೆ ಐದು ವರ್ಷ ಸುಳ್ಳು ಹೇಳಿಕೊಂಡು ಬಂದಿದ್ದಾನೆ ತನ್ನ ಗಂಡ. ಜಟ್ಟಿಂಗಪ್ಪನವರ ಮಾತು ಕಿವಿಯಲ್ಲಿ ಕುಟುಕಿತು. ಅವಳು ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತೇ ಇದ್ದಳು.

ಮರುದಿನ ಟೇಪಿನ ಮೇಲಿದ್ದ ನಂಬರಿಗೆ ಫೋನ್ ಮಾಡಿದಳು. ತೆಗೆದದ್ದು ಅದೇ ಹೆಂಗಸಿನ ಧ್ವನಿ, ಮೇಷ್ಟ್ರ ಹೆಂಡತಿ ವಿಶಾಲಾಕ್ಷಮ್ಮ.

"ಸಾಗರದಿಂದ ಮಾತಾಡ್ತಿರೋದು ಅಮ್ಮ. ಆಂಪ್ಲಿಫೈಯರ್ ರೆಡಿ ಆಗಿದೆ," ಎಂದಳು ಕುಮುದಾ. "ನಾನು ನಾಗೇಂದ್ರ ಅವರ ಹೆಂಡ್ತಿ."

"ಆಯ್ತಾ? ಅಂತೂ ಆಯ್ತಾ?" ಎಂದರು ವಿಶಾಲಾಕ್ಷಮ್ಮ. "ಎಪ್ಪತ್ತನಾಲ್ಕು ವರ್ಷದ ಮನುಷ್ಯ, ಮಂಡಿ ನೋವು ಬೇರೆ. ತಿಂಗಳು ತಿಂಗಳು ಎರಡನೇ ಶನಿವಾರ ಬಸ್ ಹತ್ತಿ ಅಲ್ಲಿಗೆ ಬಂದು ಬರಿಗೈಯಲ್ಲಿ ವಾಪಸ್ ಬರ್ತಾರೆ. ನಿಮ್ಮ ಯಜಮಾನ್ರಿಗೆ ಕರುಣೆ ಅಂಬೋದೇ ಇಲ್ವಾ? ಈ ತಿಂಗಳೂ ಬಂದಿದ್ರಲ್ಲ! ಮುಂದಿನ ತಿಂಗಳು ಖಂಡಿತ ಅಂತ ಹೇಳಿ ಕಳಿಸಿದ್ರಂತೆ."

ಡಿಸೆಂಬರಿನ ಎರಡನೇ ಶನಿವಾರಕ್ಕೆ ನಾಗೇಂದ್ರ ಸತ್ತು ಒಂದು ತಿಂಗಳ ಮೇಲಾಗಿತ್ತು. ಅದನ್ನು ಹೇಳಲು ಹೊರಟ ಕುಮುದಾ ಏಕೋ ತಡೆದುಕೊಂಡಳು.

"ನಾನೇ ತಂದು ಕೊಡ್ತೀನಿ ಅಮ್ಮ. ಅವರು ಬರೋದು ಬೇಡ," ಎಂದಷ್ಟೇ ಹೇಳಿ ಇಟ್ಟಳು.

ಜನವರಿ ಮೊದಲ ಭಾನುವಾರ ಬಾಲುವಿನ ಓಮ್ನಿಯಲ್ಲಿ ಹೊರಟರು. ಸೆಟ್ಟಿಗೆ ಹಳೆಯ ಕಂಬಳಿ ಸುತ್ತಿದ್ದರು. ಹೊಸನಗರ ದಾಟಿ ತೀರ್ಥಹಳ್ಳಿಯಲ್ಲಿ ಚಹಾ ಕುಡಿದು ಮೇಳಿಗೆ ಮುಟ್ಟುವಾಗ ಹನ್ನೊಂದು ಗಂಟೆ. ದಾರಿಯುದ್ದಕ್ಕೂ ಕುಮುದಾ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಹೊಂದಿಸಿಕೊಳ್ಳುತ್ತಿದ್ದಳು.

ಮನೆ ರಸ್ತೆಯ ಬದಿಗೇ ಇತ್ತು. ಮಗ ಸೊಸೆ ತೀರ್ಥಹಳ್ಳಿಯ ನೆಂಟರ ಮನೆಗೆ ಹೋಗಿದ್ದರು. ವಿಶಾಲಾಕ್ಷಮ್ಮ ಬಾಗಿಲಲ್ಲೇ ನಿಂತಿದ್ದರು, ಎತ್ತರದ, ನೇರ ಬೆನ್ನಿನ ಹೆಂಗಸು. ಅವರ ಹಿಂದೆ ಸುಬ್ಬಕೃಷ್ಣ ಮೇಷ್ಟ್ರು. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವರು. ಬಿಳಿ ಪಂಚೆ, ತೋಳಿನ ಬನಿಯನ್. ಬಾಲು ಮತ್ತು ಅವರು ಇಬ್ಬರೂ ಸೇರಿ ಸೆಟ್ಟನ್ನು ಹಜಾರದ ಮೇಜಿನ ಮೇಲಿಟ್ಟರು. ಮೇಷ್ಟ್ರು ಕುಮುದಾಳ ಮುಖ ನೋಡಲಿಲ್ಲ. ಅವಳು ಯಾರೆಂದು ಕೇಳಲೂ ಇಲ್ಲ.

ಕಾಫಿ ಬಂತು. ವಿಶಾಲಾಕ್ಷಮ್ಮ ಲೋಟವನ್ನು ಸದ್ದಾಗದಂತೆ ಇಟ್ಟು ಮಾತು ಶುರು ಮಾಡಿದರು.

"ನಿಮ್ಮನ್ನ ಬೈಯ್ಯೋದು ನ್ಯಾಯ ಅಲ್ಲ. ಆದ್ರೆ ಅವರೇ ಬರಬೇಕಿತ್ತು. ಹೆಂಡ್ತೀನ ಕಳಿಸಿ ತಾವು ಮನೇಲಿ ಕೂತ್ರಾ?"

"ಅವರು ತೀರ್ಕೊಂಡ್ರು ಅಮ್ಮ," ಎಂದಳು ಕುಮುದಾ.

ವಿಶಾಲಾಕ್ಷಮ್ಮನ ಕೈ ಅಲ್ಲೇ ನಿಂತಿತು. "ಅಯ್ಯೋ. ಯಾವಾಗ?"

ಕುಮುದಾ ತಲೆಯೆತ್ತಿದಳು. ಮೇಷ್ಟ್ರು ಈಗ ಅವಳನ್ನೇ ನೋಡುತ್ತಿದ್ದರು. ನೀರಿಗೆ ಬಿದ್ದವರು ದಡದ ಕಡೆ ನೋಡುತ್ತಾರಲ್ಲ, ಹಾಗೆ. ಏನಿದು ಎಂದು ಅವಳಿಗೆ ಗೊತ್ತಾಗಲಿಲ್ಲ. ಆದರೂ ತಾರೀಖು ನಾಲಿಗೆಯ ತುದಿಯಲ್ಲೇ ನಿಂತುಹೋಯಿತು.

"ಇತ್ತೀಚೆಗೆ," ಎಂದಳು.

ವಿಶಾಲಾಕ್ಷಮ್ಮ ತಗ್ಗಿದ ದನಿಯಲ್ಲಿ ಹೇಳಿದರು, "ಸತ್ತವರನ್ನ ಆಡ್ಕೋಬಾರದು. ಆದ್ರೂ ಹೇಳ್ತೀನಿ, ಅವರು ಮಾಡಿದ್ದು ಮೋಸ. ಆಗಲ್ಲ ಅಂದಿದ್ರೆ ಮುಗೀತಿತ್ತು. ಒಬ್ಬ ಹಿರಿಯನ್ನ ಆರು ವರ್ಷ ಅಲೆದಾಡಿಸಿದ್ರಲ್ಲ. ಹೊಸನಗರದಲ್ಲಿ ನನ್ನ ತಮ್ಮನ ಮನೇಲಿ, ಇಲ್ಲಿ ನೆರೆಹೊರೇಲಿ, ಎಲ್ಲರ ಎದುರಿಗೂ ನಾನು ಹೇಳಿದ್ದೀನಿ, ಸಾಗರದಲ್ಲಿ ಒಬ್ಬ ಕಳ್ಳ ಇದ್ದಾನೆ ಅಂತ."

ಹೊಂದಿಸಿಕೊಂಡು ಬಂದ ಮಾತೆಲ್ಲ ಕುಮುದಾಳಿಗೆ ಮರೆತುಹೋಯಿತು. ಎದ್ದು ನಿಂತು ಕೈ ಮುಗಿದಳು.

"ತಪ್ಪಾಯ್ತು ಅಮ್ಮ. ಇದು ರಿಪೇರಿ ಆಗಿ ಐದು ವರ್ಷ ಆಗಿತ್ತು. ಅವರು ಯಾಕೆ ಇಟ್ಕೊಂಡ್ರೋ ನಂಗೆ ಗೊತ್ತಿಲ್ಲ. ನಂಗೆ ಗೊತ್ತಿದ್ರೆ ಇಟ್ಕೊಳ್ಳೋಕೆ ಬಿಡ್ತಿರ್ಲಿಲ್ಲ. ಅವರ ಪರವಾಗಿ ನಾನು ಕೇಳ್ಕೊಳ್ತೀನಿ, ಕ್ಷಮಿಸಿಬಿಡಿ."

ಸುಳ್ಳು ಹೇಳಿದ್ದಲ್ಲದೆ ವಸ್ತುವನ್ನೂ ಇಟ್ಟುಕೊಂಡಿದ್ದರು ಎಂದು ತಿಳಿದಾಗ ವಿಶಾಲಾಕ್ಷಮ್ಮ ಗಂಡನ ಕಡೆ ತಿರುಗಿ, "ಕೇಳಿದ್ರಾ?" ಎಂದರು. ಮೇಷ್ಟ್ರು ಮೇಜಿನ ಅಂಚನ್ನು ಬೆರಳಿನಿಂದ ಉಜ್ಜುತ್ತ ಕೂತಿದ್ದರು.

ಬಾಲು ಗಾಡಿ ತಿರುಗಿಸುವಾಗ ಮೇಷ್ಟ್ರು ಗೇಟಿನವರೆಗೆ ಬಂದರು. ಕುಮುದಾ ಗಾಡಿಯ ಬಾಗಿಲಿಗೆ ಕೈ ಹಾಕಿದ್ದಳು.

"ಒಂದು ನಿಮಿಷ ನಿಂತ್ಕೊಳ್ಳಿ," ಎಂದರು. "ನಾಗೇಂದ್ರ ಇಟ್ಕೊಂಡಿದ್ದಲ್ಲ. ನಾನು ಇಡಿಸಿದ್ದು."

ಅವಳು ತಿರುಗಿದಳು.

"ವರ್ಷದೊಳಗೆ ಸರಿ ಮಾಡಿ ಫೋನ್ ಮಾಡಿದ್ದ. ಹೋದೆ. ಹಾಕಿ ಕೇಳಿಸಿದ. ನನಗೆ ಎದ್ದು ಬರೋಕಾಗ್ಲಿಲ್ಲ. ವಿಶಾಲಾಕ್ಷಿಗೆ ಅರೆತಲೆನೋವು. ಮದುವೆಯಾಗಿ ನಾಲ್ಕು ವರ್ಷಕ್ಕೆ ಶುರುವಾಗಿದ್ದು. ಒಂದು ಪಾತ್ರೆ ಬಿದ್ರೆ ಎರಡು ದಿನ ಕತ್ತಲೆ ಕೋಣೇಲಿ ಮಲಗ್ತಿದ್ಲು. ಅವಳು ತವರಿಗೆ ಹೋದಾಗ ಮಾತ್ರ ನಾನು ಇದನ್ನ ಹಾಕ್ತಿದ್ದೆ. ಮನೆಗೆ ತಗೊಂಡು ಬಂದ್ರೆ ಅಟ್ಟಕ್ಕೆ ಹೋಗುತ್ತೆ ನಾಗೇಂದ್ರ, ಇಲ್ಲೇ ಇರ್ಲಿ ಅಂದೆ. ಅಮ್ಮ ಕೇಳಿದ್ರೆ ಎಂತ ಹೇಳ್ಲಿ ಸಾರ್ ಅಂತ ಕೇಳ್ದ. ಟ್ರಾನ್ಸ್‌ಫಾರ್ಮರ್ ಬಂದಿಲ್ಲ ಅಂತ ಹೇಳು ಅಂದೆ."

ಅವರು ಉಸಿರು ತೆಗೆದುಕೊಂಡರು.

"ಎರಡನೇ ಶನಿವಾರ ಹನ್ನೊಂದು ಗಂಟೆಗೆ ಹೋಗ್ತಿದ್ದೆ. ಅವನು ಷಟರ್ ಅರ್ಧ ಎಳೀತಿದ್ದ. ಇಬ್ಬರೂ ಕೂತು ಕೇಳ್ತಿದ್ವಿ. ಮಾತೇ ಇಲ್ಲ. ಒಂದು ಬದಿ ಮುಗಿದ್ರೆ ಎದ್ದು ತಿರುಗಿಸಿ ಹಾಕೋನು. ಒಂದು ಗಂಟೆಗೆ ಬುತ್ತಿ ಬಿಚ್ಚೋನು. ನಿಮ್ಮ ಕೈಯ ಅಕ್ಕಿ ರೊಟ್ಟಿ, ಎಣ್ಣೆಗಾಯಿ ಐದು ವರ್ಷ ಉಂಡಿದ್ದೀನಿ ನಾನು."

ಕೆಲವು ಶನಿವಾರ "ಇವತ್ತು ಎರಡು ರೊಟ್ಟಿ ಜಾಸ್ತಿ ಹಾಕು" ಎಂದು ನಾಗೇಂದ್ರ ಹೇಳುತ್ತಿದ್ದುದು ಕುಮುದಾಳಿಗೆ ನೆನಪಾಯಿತು. ಬಾಲುವಿಗಿರಬೇಕು ಎಂದುಕೊಂಡಿದ್ದಳು.

"ನವೆಂಬರಲ್ಲಿ ಹೋದಾಗ ಷಟರ್ ಹಾಕಿತ್ತು. ಝೆರಾಕ್ಸ್ ಅಂಗಡಿಯವನು ಹೇಳ್ದ. ನಿಮ್ಮ ಮನೆ ಹುಡುಕಿಕೊಂಡು ಬರೋ ಧೈರ್ಯ ಆಗ್ಲಿಲ್ಲ. ಡಿಸೆಂಬರಲ್ಲೂ ಹೊರಟೆ. ಮನೇಲಿ ಕೂರೋಕಾಗ್ಲಿಲ್ಲ. ಹೊಸನಗರದಲ್ಲಿ ಇಳಿದು ಬಸ್‌ಸ್ಟ್ಯಾಂಡಲ್ಲಿ ಮೂರು ಗಂಟೆ ಕೂತು ವಾಪಸ್ ಬಂದೆ."

"ನಂಗ್ಯಾಕೆ ಹೇಳ್ಲಿಲ್ಲ ಅವರು?" ಎಂದಳು ಕುಮುದಾ.

"ನಾನೂ ಕೇಳಿದ್ದೆ. ಕುಮುದಂಗೆ ಸುಳ್ಳು ಹೇಳೋಕೆ ಬರಲ್ಲ ಸಾರ್, ಫೋನ್ ಅವಳ ಕೈಗೆ ಸಿಕ್ಕಿದ್ರೆ ಪಾಪ ಒದ್ದಾಡ್ತಾಳೆ ಅಂದ."

ಅಲ್ಲಿಯವರೆಗೆ ಸುಮ್ಮನೆ ಕೇಳಿಸಿಕೊಂಡವಳಿಗೆ ಒಮ್ಮೆಲೇ ಸಿಟ್ಟು ಬಂತು.

"ಒಳಗೆ ನಾನು ಕೈ ಮುಗಿದು ನಿಂತಿದ್ದೆ ಸಾರ್. ನನ್ನ ಗಂಡನ್ನ ಕಳ್ಳ ಅಂದ್ರು. ನೀವು ನೋಡ್ತಾ ಕೂತಿದ್ರಿ."

"ಹೇಳ್ತೀನಿ. ಖಂಡಿತ ಹೇಳ್ತೀನಿ. ಸ್ವಲ್ಪ ದಿನ ಕೊಡಿ."

"ಅವರು ಐದು ವರ್ಷ ಕೊಟ್ರಲ್ಲ," ಎಂದು ಕುಮುದಾ ಗಾಡಿ ಹತ್ತಿದಳು.

ತೀರ್ಥಹಳ್ಳಿ ದಾಟಿದ ಮೇಲೆ ಅವಳು ಬಾಲುವಿಗೆ ಎಲ್ಲ ಹೇಳಿದಳು. ಬಾಲು ಸ್ಟೇರಿಂಗಿನ ಮೇಲೆ ಕೈಯಿಟ್ಟುಕೊಂಡು, "ನೋಡಿದ್ರಾ, ನಮ್ಮ ನಾಗೇಂದ್ರಣ್ಣ ಕಳ್ಳ ಅಲ್ಲ," ಎಂದ. ಅದು ನಿಜವೇ. ಆದರೆ ಅವಳೊಳಗೆ ಬೇರೆಯೇ ಏನೋ ಕುಟುಕುತ್ತಿತ್ತು. ಇಪ್ಪತ್ತನಾಲ್ಕು ವರ್ಷದ ಸಂಸಾರದಲ್ಲಿ ತನ್ನಿಂದ ಗಂಡ ಮುಚ್ಚಿಟ್ಟದ್ದು ಏನೂ ಇಲ್ಲವೆಂದು ಅವಳು ನಂಬಿದ್ದಳು. ಬೇರೆ ಹೆಂಗಸರ ಎದುರು ಅದನ್ನು ಹೇಳಿಕೊಂಡೂ ಇದ್ದಳು. ಈಗ ನೋಡಿದರೆ ತಿಂಗಳಿಗೊಮ್ಮೆ ಮೂರು ಗಂಟೆ ಅವನು ಎಲ್ಲಿ ಹೇಗಿದ್ದನೆಂದು ಅವಳಿಗೆ ಗೊತ್ತೇ ಇರಲಿಲ್ಲ. ಅವನು ಕಣ್ಣು ಮುಚ್ಚಿ ಕೇಳುತ್ತಿದ್ದನೇ? ತಲೆ ಆಡಿಸುತ್ತಿದ್ದನೇ? ಮೇಷ್ಟ್ರನ್ನು ಕೇಳಬೇಕಿತ್ತು. ಸಿಟ್ಟಿನಲ್ಲಿ ಕೇಳದೆ ಬಂದುಬಿಟ್ಟಿದ್ದಳು.

ಎರಡು ವಾರ ಯಾವ ಸುದ್ದಿಯೂ ಇಲ್ಲ. ಮೇಷ್ಟ್ರು ಹೇಳುವುದಿಲ್ಲ ಎಂದೇ ಅವಳು ತೀರ್ಮಾನಿಸಿದಳು. ಹಬ್ಬ ಕಳೆದು ಬಂದ ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಫೋನ್ ಬಂತು.

"ನಾನು ವಿಶಾಲಾಕ್ಷಿ. ಸಾಗರದ ಬಸ್‌ಸ್ಟ್ಯಾಂಡಲ್ಲಿದ್ದೀನಿ. ನಿಮ್ಮ ಯಜಮಾನ್ರ ಅಂಗಡಿ ಎಲ್ಲಿ ಬರುತ್ತೆ?"

ಕುಮುದಾ ಬೀಗದ ಕೈ ಹಿಡಿದುಕೊಂಡು ಓಡಿದಳು. ವಿಶಾಲಾಕ್ಷಮ್ಮ ಒಬ್ಬರೇ ಬಂದಿದ್ದರು, ಕೈಯಲ್ಲಿ ಒಂದು ಚೀಲ. ಷಟರ್ ಎತ್ತಿದಾಗ ಒಳಗೆ ಖಾಲಿ ಬೆಂಚು, ಗೋಡೆಯ ಮೇಲೆ ಉಪಕರಣಗಳ ಗುರುತು, ಒಂದು ಸ್ಟೂಲು, ಎರಡು ಕುರ್ಚಿ. ವಿಶಾಲಾಕ್ಷಮ್ಮ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು.

"ಇಲ್ಲೇ ನಿಂತು ಹೇಳಬೇಕು ಅಂತ ಬಂದೆ," ಎಂದರು. "ನಿಮ್ಮ ಯಜಮಾನ್ರನ್ನ ಕಳ್ಳ ಅಂದೆ. ಫೋನಲ್ಲಿ ಎಷ್ಟು ಸಲ ಬೈದಿದ್ದೀನೋ ಲೆಕ್ಕ ಇಲ್ಲ. ಒಂದು ಸಲಾನೂ ಎದುರು ಮಾತಾಡ್ಲಿಲ್ಲ. ತಪ್ಪಾಯ್ತಮ್ಮ ಅಂತ ಅವರೇ ಹೇಳೋರು. ತಪ್ಪು ನನ್ನದು, ನಮ್ಮನೆಯವರದ್ದು."

"ಮೇಷ್ಟ್ರು ಹೇಳಿದ್ರಾ?"

"ನೀವು ಬಂದು ಹೋದ ಹನ್ನೊಂದನೇ ದಿನ. ಊಟಕ್ಕೆ ಕೂತೋರು ತುತ್ತು ಕೆಳಗಿಟ್ಟು ಹೇಳಿದ್ರು." ವಿಶಾಲಾಕ್ಷಮ್ಮ ಕುರ್ಚಿಯ ಮೇಲೆ ಕೂತರು. "ಸಿಟ್ಟು ಬಂತು. ಎರಡು ದಿನ ಮಾತು ಬಿಟ್ಟೆ. ಆಮೇಲೆ ನನ್ನ ಬುಡಕ್ಕೇ ಬಂತು."

"ಎಂತ ಅಮ್ಮ?"

ಅವರು ಹೊರಗೆ ಓಣಿಯ ಕಡೆ ನೋಡಿದರು. ಅಲ್ಲಿ ಯಾರೂ ಇರಲಿಲ್ಲ.

"ನನ್ನ ತಲೆನೋವು ಹೋಗಿ ಎಂಟು ವರ್ಷ ಆಯ್ತು ಕುಮುದಾ. ಮುಟ್ಟು ನಿಂತು ಎರಡು ಮೂರು ವರ್ಷಕ್ಕೆ ತಾನಾಗೇ ಹೋಯ್ತು. ಅದೂ ಕಾಣಿಸ್ಕೊಳ್ಲಿಲ್ಲ, ನಾನೂ ಯಾರಿಗೂ ಹೇಳ್ಲಿಲ್ಲ."

"ಮೇಷ್ಟ್ರಿಗೂ?"

"ಅವರು ಕೇಳ್ಲಿಲ್ಲ. ಮೊದಲ ವರ್ಷ ನನಗೇ ನಂಬಿಕೆ ಇರ್ಲಿಲ್ಲ, ಮತ್ತೆ ಬರುತ್ತೆ ಅಂದ್ಕೊಂಡೆ. ಆಮೇಲೆ..." ಅವರು ಸೆರಗಿನ ಅಂಚನ್ನು ಮಡಿಸಿದರು. "ಅವರು ಚೊಂಬು ಕೆಳಗಿಡೋವಾಗ ಕೂಡ ನನ್ನ ಮುಖ ನೋಡಿ ಇಡ್ತಿದ್ರು. ಬಾಗಿಲು ಹಾಕೋವಾಗ ಹಿಂದೆ ಕೈ ಕೊಟ್ಟು ಹಾಕೋರು. ನಲವತ್ತು ವರ್ಷದಿಂದ ಹಾಗೆ. ನೋವಿಲ್ಲ ಅಂದ್ರೆ ಅದೆಲ್ಲ ಹೋಗಿಬಿಡುತ್ತೆ ಅನ್ನಿಸ್ತು. ಬೇರೆ ಹೇಗೂ ಅವರು ಪ್ರೀತಿ ತೋರ್ಸೋ ಮನುಷ್ಯ ಅಲ್ಲ."

ಕುಮುದಾ ಇನ್ನೊಂದು ಕುರ್ಚಿ ಎಳೆದುಕೊಂಡು ಹತ್ತಿರ ಕೂತಳು.

"ಅವರಿಗೆ ಹೇಳಿದ್ರಾ ಈಗ?"

"ಹೇಳಿದೆ. ನನ್ನ ಮುಖವನ್ನೇ ನೋಡಿದ್ರು. ಎಂಟು ವರ್ಷವಾ ಅಂತ ಕೇಳಿದ್ರು, ಅಷ್ಟೆ. ಸಂಜೆ ಆ ಸೆಟ್ಟು ಹಾಕಿದ್ರು. ನಾನೂ ಹೋಗಿ ಕೂತೆ. ನಂಗೆ ತಲೆಬುಡ ಅರ್ಥ ಆಗ್ಲಿಲ್ಲ. ಚೆನ್ನಾಗಿದೆ ಅಂದೆ. ಅರ್ಧಕ್ಕೇ ಎದ್ದು ಹಿತ್ತಲಿಗೆ ಹೋದ್ರು. ಬಹಳ ಹೊತ್ತು ಬರ್ಲಿಲ್ಲ. ರೆಕಾರ್ಡು ಸುತ್ತುತ್ತಾನೇ ಇತ್ತು, ಮುಳ್ಳನ್ನ ಹೇಗೆ ಎತ್ತೋದು ಅಂತ ನಂಗೆ ಗೊತ್ತಿಲ್ಲ."

ಹೊರಗೆ ಒಂದು ಸ್ಕೂಟರ್ ಹೋಯಿತು.

"ನಿಮ್ಮ ಯಜಮಾನ್ರು ನಿಮ್ಮಿಂದ ಮುಚ್ಚಿಟ್ಟಿದ್ದು ನಮ್ಮನೆ ಗುಟ್ಟು," ಎಂದರು ವಿಶಾಲಾಕ್ಷಮ್ಮ. "ಅವರದ್ದಲ್ಲ."

"ಗೊತ್ತು ಅಮ್ಮ. ಆದ್ರೂ ನಂಗೆ ಹೇಳಬಹುದಿತ್ತು."

"ಹೇಳಬಹುದಿತ್ತು," ಎಂದು ಅವರೂ ಒಪ್ಪಿದರು. ಸಮಾಧಾನದ ಮಾತು ಬೇರೇನೂ ಆಡಲಿಲ್ಲ. ಕುಮುದಾಳಿಗೆ ಅದೇ ಹಿತವೆನಿಸಿತು. ಎರಡು ತಿಂಗಳಿಂದ ಎಲ್ಲರೂ ಸಮಾಧಾನವನ್ನೇ ಹೇಳುತ್ತಿದ್ದರು.

ಷಟರ್ ಎಳೆದು ಬೀಗ ಹಾಕುವಾಗ, "ಮನೆಗೆ ಬಂದು ಒಂದು ಲೋಟ ಕಾಫಿಯಾದ್ರೂ ಕುಡ್ಕೊಂಡು ಹೋಗಿ," ಎಂದಳು ಕುಮುದಾ. ಕರೆದ ಮೇಲೆ ಹಿಂಜರಿಕೆಯೂ ಆಯಿತು. ಅವರು ಹೊರಗೆ ನೀರನ್ನೂ ಮುಟ್ಟುವವರಲ್ಲವೇನೋ.

"ಕಾಫಿ ಯಾಕೆ? ಅವರು ಐದು ವರ್ಷ ಉಂಡಿದ್ದಾರಂತಲ್ಲ, ನಾನೂ ಉಣ್ತೀನಿ," ಎಂದರು ವಿಶಾಲಾಕ್ಷಮ್ಮ. "ಏನಿದೆ ಅದೇ ಸಾಕು."

ಅನ್ನ, ಬಸಳೆ ಸಾರು ಇತ್ತು. ಕುಮುದಾ ಅವಸರದಲ್ಲಿ ಎರಡು ರೊಟ್ಟಿ ತಟ್ಟಿದಳು. ವಿಶಾಲಾಕ್ಷಮ್ಮ ಅಡುಗೆಮನೆಯಲ್ಲೇ ಮಣೆ ಹಾಕಿಕೊಂಡು ಕೂತು ನಿಧಾನವಾಗಿ ಉಂಡರು. ರೊಟ್ಟಿಗೆ ಉಪ್ಪು ಸ್ವಲ್ಪ ಮುಂದಾಗಿದೆ ಎಂದರು. ನಾಗೇಂದ್ರನ ಫೋಟೋ ಕೇಳಿ, ತುಂಬ ಹೊತ್ತು ನೋಡಿದರು. "ಧ್ವನಿಯಿಂದ ದಪ್ಪ ಮನುಷ್ಯ ಅಂದ್ಕೊಂಡಿದ್ದೆ," ಎಂದರು. ಚೀಲದಿಂದ ಒಂದು ಬಾಟ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ತೆಗೆದು ಕೊಟ್ಟರು.

ಎರಡು ಗಂಟೆಯ ಬಸ್ಸಿಗೆ ಕುಮುದಾ ಅವರನ್ನು ಕರೆದುಕೊಂಡು ಹೋದಳು. ಕಿಟಕಿಯ ಪಕ್ಕ ಸೀಟು ಸಿಕ್ಕಿತು.

"ಮೇಳಿಗೆಗೆ ಬನ್ನಿ ಒಂದು ಸಲ. ಅವರು ಕೇಳ್ತಾ ಇರ್ತಾರೆ. ನಿಮ್ಮ ಮುಂದೆ ಹೇಗೆ ಮುಖ ತೋರ್ಸೋದು ಅಂತಾರೆ."

"ಬರ್ತೀನಿ ಅಮ್ಮ," ಎಂದಳು ಕುಮುದಾ. ಆಮೇಲೆ, "ಈಗಲೇ ಅಲ್ಲ. ಸ್ವಲ್ಪ ದಿನ ಹೋಗ್ಲಿ," ಎಂದೂ ಸೇರಿಸಿದಳು. "ಅವರತ್ರ ಒಂದು ಮಾತು ಕೇಳೋದಿದೆ. ಇವರು ಹೇಗೆ ಕೂತು ಕೇಳ್ತಿದ್ರು ಅಂತ."

ವಿಶಾಲಾಕ್ಷಮ್ಮ ತಲೆಯಾಡಿಸಿದರು. ಕಂಡಕ್ಟರ್ ಬಂದಾಗ ಹೊಸನಗರಕ್ಕೆ ಟಿಕೆಟ್ ಕೇಳಿದರು.

"ಹೊಸನಗರಾನಾ? ಮನೆಗೆ ಹೋಗಲ್ವಾ?"

"ತಮ್ಮನ ಮನೆಗೆ ಹೋಗಿ, ಆಮೇಲೆ ಮನೆಗೆ. ಅಲ್ಲೂ ಕಳ್ಳ ಅಂದಿದ್ದೆನಲ್ಲ."

"ಫೋನಲ್ಲಿ ಹೇಳಿದ್ರೆ ಸಾಕಿತ್ತು."

"ದೂರಿದ್ದು ಎದುರಿಗೆ ಕೂತು. ತಿದ್ದೋದನ್ನ ಫೋನಲ್ಲಿ ಮಾಡೋಕಾಗುತ್ತಾ?" ಎಂದರು ಅವರು. ಬಸ್ಸು ಹೊರಟಿತು.

ಸಂಜೆ ಬಿಂದು ಹಾಸ್ಟೆಲಿನಿಂದ ಫೋನ್ ಮಾಡಿದಾಗ ಕುಮುದಾ ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಹೇಳಿದಳು. ತನ್ನ ಸಿಟ್ಟನ್ನೂ ಹೇಳಿದಳು, ಅದು ಇನ್ನೂ ಪೂರ್ತಿ ಇಳಿದಿಲ್ಲವೆಂದೂ ಹೇಳಿದಳು.

"ಹಾಗಾದ್ರೆ ಅಪ್ಪ ಸುಳ್ಳು ಹೇಳಿದ್ರಾ ಅಮ್ಮ?"

"ಹೂಂ. ಐದು ವರ್ಷ ಹೇಳಿದ್ರು," ಎಂದಳು ಕುಮುದಾ. "ಊಟಕ್ಕೆ ಕೂತು, ನನ್ನ ಎದುರಿಗೇ."

ಆ ಕಡೆಯಿಂದ ಮಗಳು ನಕ್ಕ ಸದ್ದು ಕೇಳಿಸಿತು. ನವೆಂಬರಿನಿಂದ ಇದೇ ಮೊದಲು. ಕುಮುದಾಳಿಗೂ ನಗು ಬಂತು. ನಗುತ್ತಲೇ ಕಣ್ಣು ಒರೆಸಿಕೊಂಡು, ಊಟ ಆಯಿತೇ ಎಂದು ಮಗಳನ್ನು ಕೇಳಿದಳು.